ಮಕ್ಕಳಿಗೆ ಭೂಗೋಳದ ಮೊದಲ ಪಾಠ

ಪ್ರಭು ಯೇಸುವು ಯಾವ ನದಿಯಲ್ಲಿ ದೀಕ್ಷಾಸ್ನಾನ ಪಡೆದರೆಂದು ಜ್ಞಾನೋಪದೇಶದ ತರಗತಿಯಲ್ಲಿ ಕೇಳಿದರೆ ಮಕ್ಕಳು ಒಕ್ಕೊರಲಿನಿಂದ ಉತ್ತರಿಸುತ್ತಾರೆ. ಮಸ್ಕಿಯ ಹಳ್ಳದ ನೀರು ಎಲ್ಲಿಗೆ ಹೋಗಿ ಸೇರುತ್ತದೆಂದು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಅದು ತುಂಗಭದ್ರೆಯನ್ನು ಸೇರುತ್ತದೆ. ತುಂಗಭದ್ರೆ ಕೃಷ್ಣೆಯನ್ನು, ಕೃಷ್ಣೆ ಬಂಗಾಳ ಕೊಲ್ಲಿಯನ್ನು. ಈ ಅಜ್ಞಾನಕ್ಕೆ ಮಕ್ಕಳು ಹೊಣೆಯಲ್ಲ. ದೂರದ್ದನ್ನು ಬಾಯಿಪಾಠ ಮಾಡಿಸಿ ಹತ್ತಿರದ್ದನ್ನು ಮರೆಸುವ ನಮ್ಮ ಬೋಧನಾಕ್ರಮವೇ ಹೊಣೆ.

ಮನುಷ್ಯನ ಅರಿವು ಇಂದ್ರಿಯಾನುಭವದಿಂದ ಮೊದಲಾಗುತ್ತದೆಂದು ಸಂತ ತೋಮಸ್ ಅಕ್ವಿನಾಸರು ಅರಿಸ್ಟಾಟಲನನ್ನು ಅನುಸರಿಸಿ ಬೋಧಿಸಿದರು. ನಮ್ಮ ರಾಜ್ಯದ ಶಾಲೆಗಳಲ್ಲಿ ಒಂದರಿಂದ ಐದನೆಯ ತರಗತಿಯವರೆಗೆ ಭೂಗೋಳವನ್ನು ಪ್ರತ್ಯೇಕ ವಿಷಯವಾಗಿರಿಸದೆ ಪರಿಸರ ಅಧ್ಯಯನದೊಳಗೆ ಸೇರಿಸಿರುವುದಕ್ಕೂ ಇದೇ ತತ್ತ್ವ ಆಧಾರ. ಮಗು ಮೊದಲು ತನ್ನ ಓಣಿಯನ್ನು, ಹೊಲವನ್ನು, ಹಳ್ಳವನ್ನು ಅರಿಯಬೇಕು. ಜಗತ್ತಿನ ನಕ್ಷೆ ಅನಂತರದ್ದು.

ಅರಿಯಲು ನಮ್ಮ ಸಂತೆಕಲ್ಲೂರು ಸೀಮೆಯಲ್ಲಿ ಏನಿದೆಯೆಂದು ಕೆಲವರು ಕೇಳಬಹುದು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ ಹರಿಯುವ ಈ ನಾಡನ್ನು ಪ್ರಾಚೀನ ಶಾಸನಗಳು ಎಡೆದೊರೆ ಎಂದು ಕರೆದಿವೆ. ಎರಡು ತೊರೆಗಳ ನಡುವಣ ನಾಡೆಂಬ ಆ ಹೆಸರೇ ಒಂದು ಭೂಗೋಳದ ಪಾಠ. ಹಟ್ಟಿಯಲ್ಲಿ ನೆಲದಾಳದಿಂದ ಚಿನ್ನ ತೆಗೆಯುತ್ತಾರೆ. ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರನ್ನೇ ಹೊತ್ತ ಶಾಸನ 1915ರಲ್ಲಿ ಬೆಳಕಿಗೆ ಬಂದಿತು. ಎರೆಹೊಲಕ್ಕೂ ಮಸಾರಿಗೂ ಇರುವ ಭೇದವನ್ನು ಯಾವ ಅಜ್ಜನಾದರೂ ಹೇಳಬಲ್ಲ. ಎರೆಮಣ್ಣು ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದಲೇ ಮಳೆ ನಿಂತ ಮೇಲೂ ಹಿಂಗಾರಿ ಜೋಳ ಬೆಳೆಯುತ್ತದೆ.

ಆದರೆ ಈ ಪಾಠದ ಮಹತ್ವ ಇಷ್ಟಕ್ಕೇ ಮುಗಿಯುವುದಿಲ್ಲ. ಸುಗ್ಗಿ ಮುಗಿದೊಡನೆ ನಮ್ಮ ಭಾಗದ ಎಷ್ಟೋ ಕುಟುಂಬಗಳು ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೋ ಬೇರೆಡೆಗೋ ಗುಳೆ ಹೋಗುತ್ತವೆ. ಅತ್ತ ಸಿಂಧನೂರಿನ ಕಡೆ ಹಸಿರು ಭತ್ತದ ಗದ್ದೆಗಳು. ಇತ್ತ ಮಳೆಯನ್ನೇ ನಂಬಿದ ಹೊಲಗಳು. ಏಕೆ ಹೀಗೆಂದು ಮಗು ಕೇಳಿದರೆ ‘ನಮ್ಮ ಹಣೆಬರಹ’ ಎಂದು ಹಿರಿಯರು ನಿಟ್ಟುಸಿರು ಬಿಡುತ್ತಾರೆ. ಈ ಉತ್ತರವನ್ನು ನಾವು ಒಪ್ಪಲಾರೆವು. ಹುಟ್ಟುಕುರುಡನನ್ನು ಕಂಡು ಇದು ಯಾರ ಪಾಪದ ಫಲವೆಂದು ಶಿಷ್ಯರು ವಿಚಾರಿಸಿದಾಗ, ಅವನದೂ ಅಲ್ಲ, ಅವನ ಹೆತ್ತವರದೂ ಅಲ್ಲ ಎಂದು ಪ್ರಭು ತಿಳಿಸಿದ್ದನ್ನು ಸಂತ ಯೊವಾನ್ನರ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಓದುತ್ತೇವೆ. ಬರಗಾಲವೂ ಯಾರ ಪಾಪದ ಫಲವಲ್ಲ.

ಅದಕ್ಕೆ ಕಾರಣಗಳಿವೆ. ಅರಬ್ಬೀ ಸಮುದ್ರದಿಂದ ಬರುವ ಮುಂಗಾರು ಮೋಡಗಳು ಸಹ್ಯಾದ್ರಿಯನ್ನೇರುವಾಗಲೇ ಬಹುಪಾಲು ಸುರಿದುಬಿಡುತ್ತವೆ. ಕರಾವಳಿಯಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಮಿಗಿಲಾದ ಮಳೆಯಾದರೆ, ಬೆಟ್ಟಗಳ ಮರೆಯಲ್ಲಿರುವ ನಮಗೆ ದೊರೆಯುವುದು ಸುಮಾರು 600. ತುಂಗಭದ್ರಾ ಅಣೆಕಟ್ಟಿನ ನೀರು 1953ರಿಂದೀಚೆಗೆ ಎಡದಂಡೆ ಕಾಲುವೆಯಲ್ಲಿ ಹರಿದು ಸಿಂಧನೂರಿನ ತಗ್ಗು ಭೂಮಿಯನ್ನು ತಣಿಸಿತು. ನೀರು ತಾನಾಗಿ ಏರು ಹತ್ತದು. ಕಾಲುವೆಗಿಂತ ಎತ್ತರದ ಹೊಲಗಳು ಒಣಗಿಯೇ ಉಳಿದವು. ಮಳೆಯ ನೆರಳು ಪ್ರಕೃತಿಯ ಕಾರ್ಯ, ಕಾಲುವೆಯ ದಾರಿಯಾದರೋ ಮನುಷ್ಯರ ತೀರ್ಮಾನ. ಮನುಷ್ಯರು ತೀರ್ಮಾನಿಸಿದ್ದನ್ನು ಮನುಷ್ಯರು ಮರುವಿಚಾರ ಮಾಡಬಹುದು. ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ 2020-21ರಲ್ಲಿ ಪಾಮನಕಲ್ಲೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕುಳಿತ ರೈತರು ಈ ಭೇದವನ್ನು ಅರಿತವರೇ ಆಗಿದ್ದರು. ಕಾರಣವನ್ನು ತಿಳಿದ ಮಗು ತನ್ನ ಬಡತನಕ್ಕಾಗಿ ನಾಚಿಕೊಳ್ಳುವುದಿಲ್ಲ, ದೇವರನ್ನೂ ದೂರುವುದಿಲ್ಲ.

ಗುಳೆಯಿಂದ ಮರಳಿ ಬಂದ ಮಗುವನ್ನು ಪಾಠದಲ್ಲಿ ಹಿಂದುಳಿದವನೆಂದು ಹಿಂದಿನ ಸಾಲಿಗೆ ಕೂರಿಸುವುದುಂಟು. ಅವನು ನೂರಾರು ಮೈಲಿಯ ದಾರಿಯನ್ನು, ಬೇರೆ ಮಣ್ಣನ್ನು, ಬೇರೆ ಮಾತನ್ನು ಕಣ್ಣಾರೆ ಕಂಡು ಬಂದವನು. ಅವನನ್ನು ಮುಂದೆ ನಿಲ್ಲಿಸಿ, ದಾರಿಯಲ್ಲಿ ಸಿಕ್ಕ ಊರುಗಳನ್ನು ಒಂದೊಂದಾಗಿ ಹೇಳಿಸಿ, ಹಲಗೆಯ ಮೇಲೆ ಬರೆಸಿದರೆ ಇಡೀ ತರಗತಿಗೆ ಅದೇ ನಕ್ಷೆಯಾಗುತ್ತದೆ.

ಮನೆಯಲ್ಲಿ ತಂದೆತಾಯಂದಿರೂ ಈ ಪಾಠವನ್ನು ಕಲಿಸಬಹುದು. ಭಾನುವಾರ ಬಲಿಪೂಜೆ ಮುಗಿಸಿ ಬರುವಾಗ ದೇವಾಲಯದ ಪೀಠ ಯಾವ ದಿಕ್ಕಿಗಿದೆಯೆಂದು ಕೇಳಿರಿ. ಅಂಗಳದಲ್ಲಿ ಮಣ್ಣಿನ ದಿಬ್ಬ ಮಾಡಿಸಿ ನೀರು ಸುರಿದು, ಅದು ಹರಿವ ದಾರಿಯನ್ನು ತೋರಿಸಿರಿ. ಮೇ 5 ಮತ್ತು ಆಗಸ್ಟ್ 8ರ ಆಸುಪಾಸಿನಲ್ಲಿ ಸೂರ್ಯನು ನಮ್ಮ ಸೀಮೆಯ ನೆತ್ತಿಯ ಮೇಲೆಯೇ ಬರುತ್ತಾನೆ. ಮೋಡವಿಲ್ಲದಿದ್ದರೆ ಅಂದು ನೆಟ್ಟನೆ ನಿಲ್ಲಿಸಿದ ಕೋಲಿಗೆ ನಡುಹಗಲಿನಲ್ಲಿ ನೆರಳೇ ಇರುವುದಿಲ್ಲ. ಆಗ ಗಡಿಯಾರದಲ್ಲಿ ಹನ್ನೆರಡಲ್ಲ, ಸುಮಾರು ಹನ್ನೆರಡೂವರೆ ಆಗಿರುತ್ತದೆ. ಭಾರತದ ಗಡಿಯಾರವನ್ನು ನಮಗಿಂತ ಪೂರ್ವದಲ್ಲಿರುವ ರೇಖಾಂಶಕ್ಕೆ ಹೊಂದಿಸಿರುವುದೇ ಇದಕ್ಕೆ ಕಾರಣ. ಇದಕ್ಕೆ ಖರ್ಚೇನೂ ಇಲ್ಲ, ಒಂದು ಕೋಲು ಸಾಕು.

ಭೂಮಿ ನಮ್ಮೆಲ್ಲರ ಸಾಮಾನ್ಯ ಮನೆಯೆಂದು ಜಗದ್ಗುರು ಫ್ರಾನ್ಸಿಸರು 2015ರ ತಮ್ಮ ವಿಶ್ವಪತ್ರದಲ್ಲಿ ಬೋಧಿಸಿದರು. ಮನೆಯ ಕೋಣೆಗಳನ್ನೇ ಅರಿಯದವನು ಮನೆಯನ್ನು ಕಾಯುವುದೆಂತು? ಇಂದು ಸಂಜೆ ನಿಮ್ಮ ಮಕ್ಕಳನ್ನು ಹಳ್ಳದ ದಂಡೆಗೆ ಕರೆದೊಯ್ಯಿರಿ. ನೀರು ಎತ್ತ ಹರಿಯುತ್ತದೆಂದು ಅವರೇ ನೋಡಿ ಹೇಳಲಿ.