ಬುಲೆಟ್ಟಿನ ಗೇರು ಕಾರಿಗೆ ಹೊಂದೀತೆ?

ಸಾಣಾಪುರ ಕೆರೆಯ ಕಡೆಗೆ ಹೋಗುವ ಇಕ್ಕಟ್ಟು ರಸ್ತೆಯಲ್ಲಿ ಪ್ರವಾಸಿಗರ ಕಾರೊಂದು ಹಿಂದಕ್ಕೆ ಬರುವಾಗ ಕಿವಿಗೊಟ್ಟು ಕೇಳಿ. ಮುಂದಕ್ಕೆ ಹೋಗುವಾಗ ಇಲ್ಲದ ‘ಊಂ’ ಎಂಬ ಕೀರಲು ದನಿ ರಿವರ್ಸಿನಲ್ಲಿ ಏಳುತ್ತದೆ. ಗಾಡಿ ಕೆಟ್ಟಿಲ್ಲ. ಕಾರನ್ನು ಮುಂದಕ್ಕೊಯ್ಯುವ ಗೇರುಗಳ ಹಲ್ಲು ಓರೆಯಾಗಿ ಕೊರೆದವು. ರಿವರ್ಸ್ ಗೇರಿನವು ಹೆಚ್ಚಿನ ಕಾರುಗಳಲ್ಲಿ ನೇರ. ಓರೆ ಹಲ್ಲು ಒಂದು ತುದಿಯಿಂದ ಶುರುವಾಗಿ ಮೆಲ್ಲಗೆ ಕೂಡಿಕೊಳ್ಳುತ್ತದೆ. ನೇರ ಹಲ್ಲು ಇಡೀ ಅಗಲಕ್ಕೆ ಒಮ್ಮೆಲೇ ತಾಕುತ್ತದೆ, ಅದಕ್ಕೇ ಸದ್ದು. ಮೋಟಾರ್ ಸೈಕಲ್ಲಿನ ಗೇರುಗಳು ಬಹುತೇಕ ಈ ನೇರ ಹಲ್ಲಿನ ಜಾತಿಯವೇ.

ಹಳೆಯ ಸಣ್ಣ ಕಾರು ಇಟ್ಟುಕೊಂಡವರಿಗೆ ಇಲ್ಲೊಂದು ಆಸೆ ಹುಟ್ಟುತ್ತದೆ. ಪದ್ಮಿನಿ ಕಾರಿನ ಗೇರು ಸವೆದರೆ ಹೊಸದು ಸಿಗುವುದು ಕಷ್ಟ. ಬೈಕಿನ ಗೇರು ಗಂಗಾವತಿಯಂಥ ಊರಿನಲ್ಲೂ ಸಿಗುತ್ತದೆ. ಅದನ್ನೇ ಕಾರಿನ ಪೆಟ್ಟಿಗೆಯೊಳಗೆ ಕೂರಿಸಿದರೆ?

ಹುಚ್ಚು ಪ್ರಶ್ನೆಯೇನಲ್ಲ. 1946ರಲ್ಲಿ ಇಂಗ್ಲೆಂಡಿನ ಜಾನ್ ಕೂಪರ್ ಮತ್ತು ಗೆಳೆಯರು ಎರಡು ಹಳೆಯ ಫಿಯೆಟ್ ಟೊಪೊಲಿನೊ ಕಾರುಗಳ ಮುಂಭಾಗಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ಬೆಸೆದು, ಹಿಂದೆ 500 ಸಿ.ಸಿ.ಯ ಬೈಕ್ ಎಂಜಿನ್ನನ್ನೂ ಬೈಕಿನದೇ ಗೇರ್ ಬಾಕ್ಸನ್ನೂ ಕೂರಿಸಿ, ಚೈನಿನಿಂದ ಚಕ್ರ ತಿರುಗಿಸಿದರು. ರೇಸ್ ಚಾಲಕ ಸ್ಟರ್ಲಿಂಗ್ ಮಾಸ್ 1948ರಲ್ಲಿ ರೇಸಿಗೆ ಇಳಿದದ್ದು ಇದೇ ಜಾತಿಯ ಕೂಪರಿನಲ್ಲಿ. 1955ರ ಬಿಎಂಡಬ್ಲ್ಯು ಇಸೆಟ್ಟಾ ಕೂಡ ಬೈಕಿನ ಎಂಜಿನ್ನಿನಿಂದಲೇ ಓಡಿತು. ನಮ್ಮ ಬೆಂಗಳೂರಿನಲ್ಲೂ 1970ರ ದಶಕದಲ್ಲಿ ಸನ್‌ರೈಸ್ ಕಂಪನಿ ‘ಬಾದಲ್’ ಎಂಬ ಮೂರು ಚಕ್ರದ ಕಾರನ್ನು ಮಾಡಿ ಮಾರಿತು; ಎಂಜಿನ್ ಸುಮಾರು 200 ಸಿ.ಸಿ., ಅಂದರೆ ಸ್ಕೂಟರಿನ ಲೆಕ್ಕದ್ದು. ಅದೇ ಕಂಪನಿ ಮುಂದೆ ಸಿಪಾನಿಯಾಗಿ, ಕಾರಿನ ಎಂಜಿನ್ನೇ ಇದ್ದ 848 ಸಿ.ಸಿ.ಯ ಡಾಲ್ಫಿನ್ ತಂದಿತು. ಇಷ್ಟು ದೂರವೇಕೆ, ಗಂಗಾವತಿ–ಆನೆಗೊಂದಿ ರಸ್ತೆಯ ಆಟೋ ನೋಡಿ. ಎಡಗೈ ಹಿಡಿ ತಿರುಗಿಸಿ ಗೇರ್ ಹಾಕುವುದು ಹಳೆಯ ಸ್ಕೂಟರಿನಂತೆ, ಹಿಂದಕ್ಕೆ ಬರಲು ಬೇರೊಂದು ಲಿವರ್, ಹಿಂದಿನ ಎರಡು ಚಕ್ರಗಳ ನಡುವೆ ಕಾರಿನಂತೆ ಡಿಫರೆನ್ಷಿಯಲ್.

ಆದರೆ ಇವುಗಳಲ್ಲೆಲ್ಲ ಎಂಜಿನ್ನೂ ಗೇರ್ ಬಾಕ್ಸೂ ಒಂದಕ್ಕೊಂದು ಹೊಂದುವಂತೆ ಸೇರಿದ್ದವು. ಬಿಡಿ ಗೇರುಗಳನ್ನು ಕಿತ್ತು ಕಾರಿನ ಪೆಟ್ಟಿಗೆಗೆ ತುಂಬುವುದು ಬೇರೆಯೇ ಕತೆ.

ಮೊದಲ ತೊಡಕು ಬರೀ ಅಳತೆಯದು. ಪೆಟ್ಟಿಗೆಯೊಳಗಿನ ಎರಡು ಶಾಫ್ಟುಗಳ ನಡುವಿನ ಅಂತರವನ್ನು ಎರಕದಲ್ಲೇ ನಿಗದಿ ಮಾಡಿರುತ್ತಾರೆ. ಹಲ್ಲಿನ ಗಾತ್ರಕ್ಕೆ ಮಾಡ್ಯೂಲ್ ಎಂಬ ಅಳತೆಯುಂಟು. ಜೋಡಿ ಗೇರುಗಳ ಹಲ್ಲುಗಳನ್ನು ಕೂಡಿಸಿ, ಮಾಡ್ಯೂಲಿನಿಂದ ಗುಣಿಸಿ, ಎರಡರಿಂದ ಭಾಗಿಸಿದರೆ ನೇರ ಹಲ್ಲಿನ ಗೇರುಗಳಿಗೆ ಆ ಅಂತರ ಸಿಗುತ್ತದೆ. ಉದಾಹರಣೆಗೆ ಮಾಡ್ಯೂಲ್ 2 ಮಿ.ಮೀ., ಹಲ್ಲು 14 ಮತ್ತು 38 ಎಂದುಕೊಳ್ಳಿ. ಒಟ್ಟು 52 ಹಲ್ಲು, ಅಂತರ 52 ಮಿ.ಮೀ., ಗೇರಿನ ಅನುಪಾತ 2.71. ಅದೇ ಅಂತರದಲ್ಲಿ 16 ಮತ್ತು 36 ಹಲ್ಲಿನ ಜೋಡಿಯೂ ಕೂರುತ್ತದೆ, ಅನುಪಾತ 2.25ಕ್ಕೆ ಇಳಿಯುತ್ತದೆ. 53 ಹಲ್ಲಿನ ಜೋಡಿಗೆ ಜಾಗವಿಲ್ಲ, ಒಂದು ಮಿ.ಮೀ. ಹೆಚ್ಚಾಯಿತು. ಅರ್ಧ ಮಿ.ಮೀ. ಕಡಿಮೆಯಾದರೂ ಹಲ್ಲು ಸಡಿಲವಾಗಿ ಕಚ್ಚಿ ಬೇಗ ಸವೆಯುತ್ತದೆ. ಬೇರೆ ಗಾಡಿಯ ಗೇರು ಈ ಲೆಕ್ಕಕ್ಕೆ ತಾನಾಗಿ ಸರಿಹೋದರೆ ಅದು ಅದೃಷ್ಟವೇ ಸೈ.

ಹೋಗಲಿ, ಹೊಂದಿತೆಂದೇ ಇಟ್ಟುಕೊಳ್ಳೋಣ. ಗೇರ್ ಬೀಳುವ ಬಗೆಯಲ್ಲಿ ನಿಜವಾದ ಸ್ವಾರಸ್ಯವಿದೆ. ಬೈಕಿರಲಿ, ಕಾರಿರಲಿ, ಮುಂದಕ್ಕೊಯ್ಯುವ ಗೇರುಗಳ ಹಲ್ಲುಗಳು ಸದಾ ಒಂದನ್ನೊಂದು ಕಚ್ಚಿಕೊಂಡೇ ತಿರುಗುತ್ತವೆ. ಶಾಫ್ಟಿನ ಮೇಲೆ ಸುಮ್ಮನೆ ತಿರುಗುತ್ತಿದ್ದ ಒಂದು ಗೇರನ್ನು ಶಾಫ್ಟಿಗೆ ಕಟ್ಟಿಹಾಕುವುದೇ ಗೇರ್ ಹಾಕುವುದು. ಬೈಕಿನಲ್ಲಿ ಆ ಕೆಲಸ ಡಾಗ್‌ಗಳದು. ಗೇರಿನ ಪಕ್ಕದಲ್ಲಿ ಎದ್ದ ದಪ್ಪ ಉಬ್ಬುಗಳು ಪಕ್ಕದ ಗೇರಿನ ಗುಳಿಗಳಿಗೆ ನುಗ್ಗಿ ಕೂರುತ್ತವೆ. ಗುಳಿ ಉಬ್ಬಿಗಿಂತ ದೊಡ್ಡದಿರಬೇಕು, ಇಲ್ಲದಿದ್ದರೆ ವೇಗದಲ್ಲಿ ಒಳಗೆ ಹೋಗುವುದೇ ಇಲ್ಲ. ಬುಲೆಟ್ ಓಡಿಸುವಾಗ ಎಕ್ಸಲರೇಟರ್ ಬಿಟ್ಟು ಮತ್ತೆ ಕೊಟ್ಟರೆ ‘ಟಕ್’ ಎನ್ನುವುದಕ್ಕೆ ಆ ಸಡಿಲವೂ ಒಂದು ಕಾರಣ.

ಕಾರಿನಲ್ಲಿ ಹಾಗಲ್ಲ. ಓಡುವ ಬಸ್ಸು ಹತ್ತುವವನು ಮೊದಲು ಅದರ ಜೊತೆ ನಾಲ್ಕು ಹೆಜ್ಜೆ ಓಡುವಂತೆ, ಇಲ್ಲಿ ಹಿತ್ತಾಳೆಯ ಸಿಂಕ್ರೊ ರಿಂಗ್ ಗೇರಿನ ಕೋನಾಕಾರದ ಮೈಗೆ ಉಜ್ಜಿ ಎರಡರ ವೇಗವನ್ನೂ ಸಮಮಾಡುತ್ತದೆ. ಆಮೇಲಷ್ಟೇ ಹಲ್ಲು ಕೂಡುತ್ತದೆ. 1928ರಲ್ಲಿ ಕ್ಯಾಡಿಲ್ಯಾಕ್ ಕಾರಿನೊಂದಿಗೆ ಈ ಏರ್ಪಾಡು ಮಾರುಕಟ್ಟೆಗೆ ಬಂತು. ಎಲ್ಲ ಕಾರಿಗೂ ಬರಲಿಲ್ಲವೆನ್ನಿ: ದಾಂತೆ ಜಿಯಾಕೋಸಾ ರೂಪಿಸಿದ 1957ರ ಪುಟ್ಟ ಫಿಯೆಟ್ 500ರಲ್ಲಿ ಸಿಂಕ್ರೊ ಇರಲಿಲ್ಲ. ಗೇರ್ ಇಳಿಸುವಾಗ ಎರಡು ಸಲ ಕ್ಲಚ್ ತುಳಿದು ನಡುವೆ ಎಂಜಿನ್ ಏರಿಸುವ ವಿದ್ಯೆ ಚಾಲಕನಿಗೆ ಗೊತ್ತಿರಬೇಕಿತ್ತು.

ಹಾಗಾದರೆ ಸಿಂಕ್ರೊ ಇಲ್ಲದೆಯೂ ಬೈಕಿನ ಗೇರು ಅಷ್ಟು ಸಲೀಸಾಗಿ ಬೀಳುವುದು ಹೇಗೆ? ಬೈಕಿನ ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಇನ್ನೊಂದು ಜೋಡಿ ಗೇರೋ ಚೈನೋ ಇದ್ದು, ಹೆಚ್ಚಿನ ಬೈಕುಗಳಲ್ಲಿ ಅದು ವೇಗವನ್ನು ಎರಡು ಮೂರು ಪಟ್ಟು ತಗ್ಗಿಸುತ್ತದೆ. ಕಾರಿನಲ್ಲಿ ಎಂಜಿನ್ನಿನ ಪೂರ್ತಿ ವೇಗ ಕ್ಲಚ್ ಮೂಲಕ ನೇರವಾಗಿ ಗೇರ್ ಬಾಕ್ಸಿಗೆ ಬರುತ್ತದೆ. ಅದೇ ಡಾಗ್‌ಗಳನ್ನು ಅಲ್ಲಿಟ್ಟರೆ ಕೂಡುವ ಹೊತ್ತಿನ ವೇಗದ ಅಂತರವೂ ಪೆಟ್ಟೂ ಹೆಚ್ಚು. ಜೊತೆಗೆ ಬೈಕಿನ ಹಿಂದಿನ ಚಕ್ರದ ಡ್ರಮ್ ರಬ್ಬರ್ ಪ್ರತಿ ಪೆಟ್ಟನ್ನೂ ನುಂಗಿಕೊಳ್ಳುತ್ತದೆ. ಹಳೆಯ ಕಾರುಗಳಲ್ಲಿ ಅಷ್ಟು ಮೆತ್ತಗಿನ ಭಾಗ ಸಾಮಾನ್ಯವಾಗಿ ಇರುವುದಿಲ್ಲ.

ತಿರುಗುಬಲ ಮಾತ್ರ ಅಂಥ ಅಡ್ಡಿಯಲ್ಲ ಎಂಬುದು ಹಲವರಿಗೆ ಅಚ್ಚರಿ ತಂದೀತು. ಈಗಿನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರದು 27 ನ್ಯೂಟನ್ ಮೀಟರ್, ಹಳೆಯ ಫಿಯೆಟ್ 500ರದೂ ಹೆಚ್ಚುಕಮ್ಮಿ ಅಷ್ಟೇ. ಮಾರುತಿ 800ರದು 59. ಬೈಕಿನ ಗೇರಿಗೆ ತಲುಪುವ ಹೊತ್ತಿಗೆ ಆ 27 ಕೂಡ ಎರಡು ಪಟ್ಟಾಗಿರುತ್ತದೆ, ಹಾಗಾಗಿ ಅದರ ಹಲ್ಲು ಕಂಡಷ್ಟು ಬಡಕಲಲ್ಲ. ಕಷ್ಟ ಬರುವುದು ತೂಕದಿಂದ. ಆ ಬೈಕು 195 ಕೆ.ಜಿ.; ಪುಟ್ಟ ಫಿಯೆಟ್ ಕೂಡ ಖಾಲಿಯಿದ್ದಾಗಲೇ ಸುಮಾರು 500. ನಾಲ್ಕು ಜನ ಹತ್ತಿ ದಿಬ್ಬವೇರುವಾಗ ಗೇರು ನಿಮಿಷಗಟ್ಟಲೆ ಪೂರ್ತಿ ಹೊರೆ ಹೊರಬೇಕು. ಬೈಕಿನಲ್ಲಿ ಅಂಥ ಹೊರೆ ಕೆಲವೇ ಸೆಕೆಂಡು.

ಇನ್ನು ಗೇರ್ ಬದಲಿಸುವ ಕ್ರಮ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಓಡಿಸಿದವರಿಗೆ ಗೊತ್ತು, ನಾಲ್ಕರಿಂದ ಎರಡಕ್ಕೆ ಬರಲು ಮೂರನ್ನು ದಾಟಲೇಬೇಕು. ಒಳಗಿನ ಡ್ರಮ್ಮಿನಲ್ಲಿ ಕೊರೆದ ಜಾಡುಗಳು ಗೇರುಗಳನ್ನು ಅತ್ತಿತ್ತ ತಳ್ಳುವ ಫೋರ್ಕುಗಳನ್ನು ಸಾಲಾಗಿಯೇ ಸರಿಸುತ್ತವೆ. ಗೇರುಗಳನ್ನು ತಂದರೆ ಈ ಡ್ರಮ್ಮನ್ನೂ ಫೋರ್ಕುಗಳನ್ನೂ ತರಬೇಕು. ರಿವರ್ಸ್ ಗೇರನ್ನಂತೂ ಹೊಸದಾಗಿಯೇ ಮಾಡಿಸಬೇಕು.

ಇಷ್ಟೆಲ್ಲ ಗೊತ್ತಿದ್ದೇ ರೇಸಿನವರು ಬೈಕಿನಿಂದ ಗೇರನ್ನು ತರುವುದಿಲ್ಲ, ಉಪಾಯವನ್ನಷ್ಟೇ ತರುತ್ತಾರೆ. ಹಳೆಯ ಮಿನಿ, ಫಿಯೆಟ್ 500ರ ಪೆಟ್ಟಿಗೆಗೇ ಅಳತೆ ಮಾಡಿ, ಅಗಲವಾದ ನೇರ ಹಲ್ಲು ಕೊರೆದು, ಪಕ್ಕಕ್ಕೆ ಡಾಗ್ ಇಟ್ಟು ಗೇರು ಮಾಡಿಸಿಕೊಳ್ಳುತ್ತಾರೆ. ಗೇರ್ ಚಕಚಕನೆ ಬೀಳುತ್ತದೆ, ಸದ್ದು ಕಿವಿ ಕೊರೆಯುತ್ತದೆ, ಡಾಗ್‌ಗಳ ಅಂಚು ದುಂಡಗಾದಾಗ ಮತ್ತೆ ಬಿಚ್ಚಬೇಕಾಗುತ್ತದೆ. ರೇಸಿಗೆ ಸರಿ, ಮನೆಮಂದಿಯನ್ನು ಕೂರಿಸಿಕೊಂಡು ಅಂಜನಾದ್ರಿಗೆ ಹೋಗಲು ನಾನಂತೂ ಬೇಡ ಎನ್ನುತ್ತೇನೆ. ನಿಮ್ಮ ಪದ್ಮಿನಿಯ ಎರಡನೇ ಗೇರು ಕರಕರ ಎನ್ನುತ್ತಿದ್ದರೆ ಮೊದಲು ಕ್ಲಚ್ ಪೂರ್ತಿ ಬಿಡುತ್ತಿದೆಯೇ ನೋಡಿಸಿ. ಬಿಡುತ್ತಿದ್ದರೆ ಸಿಂಕ್ರೊ ರಿಂಗ್ ಹುಡುಕಿ ಬದಲಿಸಿ. ಬುಲೆಟ್ಟಿನ ಗೇರು ಬುಲೆಟ್ಟಿನಲ್ಲೇ ಇರಲಿ.