ಬಿಲ್ಹಣನ ಊರಿನಲ್ಲಿ ಮಹಾಪ್ರಳಯದ ದಾಖಲೆ

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದು ‘ವಿಕ್ರಮಾಂಕದೇವಚರಿತ’ವನ್ನು ರಚಿಸಿದ ಬಿಲ್ಹಣ ಕವಿ ಕಾಶ್ಮೀರದವನು. ಕಾವ್ಯದ ಕೊನೆಯ ಸರ್ಗದಲ್ಲಿ ಅವನು ನೆನೆಯುವ ಹುಟ್ಟೂರು ಖೋನಮುಖ. ಶ್ರೀನಗರದ ಆಗ್ನೇಯಕ್ಕೆ, ಪಾಂಪೋರಿನ ಕೇಸರಿ ಹೊಲಗಳ ನೆರೆಯಲ್ಲಿರುವ ಈ ಊರನ್ನು ಇಂದು ಖುನಮೂಹ್ ಎನ್ನುತ್ತಾರೆ. ಸಾಹಿತ್ಯಾಸಕ್ತರಿಗೆ ಇದು ಬಿಲ್ಹಣನ ಊರು. ಜಗತ್ತಿನ ಭೂವಿಜ್ಞಾನಿಗಳಿಗೆ ಗುರ್ಯುಲ್ ಎಂಬ ಕೊರಕಲು ಇರುವ ಊರು.

ಆ ಕೊರಕಲಿನಲ್ಲಿ ಪದರ ಪದರವಾಗಿ ಕಾಣುವ ಬಂಡೆಗಳು ಒಂದು ಕಾಲಕ್ಕೆ ಕಡಲ ತಳದ ಕೆಸರಾಗಿದ್ದವು. ಆಗ ಹಿಮಾಲಯ ಹುಟ್ಟಿರಲಿಲ್ಲ. ಕಾಶ್ಮೀರದ ನೆಲ ಟೆಥಿಸ್ ಸಮುದ್ರದ ಅಂಚಿನಲ್ಲಿ ಮುಳುಗಿತ್ತು. ಸುಮಾರು 25 ಕೋಟಿ 20 ಲಕ್ಷ ವರ್ಷಗಳ ಹಿಂದೆ, ಪರ್ಮಿಯನ್ ಯುಗದ ಕೊನೆಯಲ್ಲಿ ಜೀವರಾಶಿಗೆ ಒದಗಿದ ವಿಪತ್ತು ಈ ಕೆಸರಿನಲ್ಲಿ ದಾಖಲಾಯಿತು. ಡೈನೋಸಾರ್‌ಗಳನ್ನು ಅಳಿಸಿದ ದುರಂತವೂ ಇದರ ಮುಂದೆ ಸಣ್ಣದು. ಕಡಲ ಪ್ರಾಣಿಪ್ರಭೇದಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ನಿರ್ನಾಮವಾದವು.

ಈ ದಾಖಲೆಯನ್ನು ಓದಬೇಕಾದದ್ದು ಕೆಳಗಿನಿಂದ ಮೇಲಕ್ಕೆ. ಕೆಳಗಿನ ಪದರಗಳಿಗೆ ನೆರೆಯೂರು ಜೇವನ್‌ನ ಹೆಸರಿದೆ. ಮರಳು ಬೆರೆತ ಆ ಸುಣ್ಣಕಲ್ಲಿನಲ್ಲಿ ಬ್ರಾಕಿಯೊಪಾಡ್ ಎಂಬ ಚಿಪ್ಪುಪ್ರಾಣಿಗಳ ಪಳೆಯುಳಿಕೆಗಳು ಹೇರಳ. ಅದರ ಮೇಲೆ ಖುನಮೂಹ್ ಹೆಸರಿನ ಪದರಗಳು ಶುರುವಾದೊಡನೆ ಕಲ್ಲಿನ ಬಣ್ಣ ಕಪ್ಪಾಗುತ್ತದೆ, ಕಣ ನುಣುಪಾಗುತ್ತದೆ. ಕೆಲವೇ ಮೀಟರ್ ಏರುವಷ್ಟರಲ್ಲಿ ಹಳೆಯ ಜೀವಿಗಳು ಬಹುಪಾಲು ಮಾಯವಾಗಿ, ಕ್ಲಾರಯ ಎಂಬ ತೆಳುವಾದ ಕಪ್ಪೆಚಿಪ್ಪು ಕಾಣಿಸಿಕೊಳ್ಳುತ್ತದೆ. ಆಮ್ಲಜನಕ ಕಡಿಮೆಯಿದ್ದ ನೀರಿನಲ್ಲೂ ಬದುಕಬಲ್ಲ ಪ್ರಾಣಿ ಅದು. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ, ಬರಿದಾದ ಕಡಲನ್ನು ಅದು ಆಳಿತು.

ಇಷ್ಟಕ್ಕೆಲ್ಲ ಮೂಲ ದೂರದ ಸೈಬೀರಿಯಾ ಎಂಬುದು ಹೆಚ್ಚಿನ ವಿಜ್ಞಾನಿಗಳ ಅಭಿಮತ. ಅಲ್ಲಿ ನೆಲ ಬಿರಿದು ಹರಿದ ಲಾವಾ ಕಲ್ಲಿದ್ದಲ ನಿಕ್ಷೇಪಗಳನ್ನೂ ಸುಟ್ಟು, ಅಪಾರ ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಬಿಟ್ಟಿತು. ಭೂಮಿ ಕಾದಿತು, ಕಡಲ ನೀರು ಆಮ್ಲೀಯವಾಗಿ, ಅದರಲ್ಲಿನ ಆಮ್ಲಜನಕ ಕುಗ್ಗಿತು. ಜೇವನ್ ಪದರಗಳ ಮೇಲ್ತುದಿಯಲ್ಲಿ ಕಲಕಿದಂತಿರುವ ಕಲ್ಲು ಭೂಕಂಪ, ಸುನಾಮಿಗಳ ಗುರುತು ಎಂದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ವಾದಿಸಿತು. ಅದನ್ನು ಎಲ್ಲರೂ ಒಪ್ಪಿಲ್ಲ.

ಪರ್ಮಿಯನ್ ಮುಗಿದು ಟ್ರಯಾಸಿಕ್ ಆರಂಭವಾಗುವ ಗಡಿಗೆ ಜಗತ್ತಿನಲ್ಲಿ ಒಂದೇ ಒಂದು ಅಧಿಕೃತ ಗುರುತುಕಲ್ಲು ಇರಬೇಕೆಂದು ಹುಡುಕಾಟ ನಡೆದಾಗ ಗುರ್ಯುಲ್ ಕೂಡ ಸ್ಪರ್ಧೆಯಲ್ಲಿತ್ತು. ಆದರೆ 2001ರಲ್ಲಿ ಆ ಮಾನ್ಯತೆ ಸಿಕ್ಕಿದ್ದು ಚೀನಾದ ಝೆಜಿಯಾಂಗ್ ಪ್ರಾಂತ್ಯದ ಮೈಶಾನ್‌ಗೆ. ಹಾಗೆ ನೋಡಿದರೆ, ಮೈಶಾನ್‌ನಲ್ಲಿ ಸೆಂಟಿಮೀಟರುಗಳಲ್ಲಿ ಮುಗಿದುಹೋಗುವ ಕಥೆ ಗುರ್ಯುಲ್‌ನಲ್ಲಿ ಮೀಟರುಗಳಷ್ಟು ವಿಸ್ತಾರವಾಗಿದೆ. ಆದರೆ ಹಿಮಾಲಯ ಎದ್ದಾಗಿನ ಶಾಖಕ್ಕೆ ಸಿಕ್ಕಿ ಇಲ್ಲಿನ ಸೂಕ್ಷ್ಮ ಪಳೆಯುಳಿಕೆಗಳು ಕೆಟ್ಟಿವೆ. ಮೇಲಾಗಿ 1990ರ ದಶಕದ ಕಾಶ್ಮೀರಕ್ಕೆ ವಿದೇಶಿ ವಿಜ್ಞಾನಿಗಳು ಬಂದು ಹೋಗುವುದು ಸುಲಭವಿರಲಿಲ್ಲ. ಬಂಡೂಕಿನ ಸದ್ದು ಬಂಡೆಯ ಹಣೆಬರಹವನ್ನೂ ತಿದ್ದಿತೆನ್ನಬೇಕು.

ಮಾನ್ಯತೆ ತಪ್ಪಿದರೂ ಗುರ್ಯುಲ್‌ನ ಮಹತ್ವವೇನೂ ತಗ್ಗಿಲ್ಲ. ತೊಂದರೆ ಬಂದಿರುವುದು ಬೇರೆ ಕಡೆಯಿಂದ. ಸುಣ್ಣಕಲ್ಲು ಸಿಮೆಂಟಿಗೂ ಬೇಕು. ಖುನಮೂಹ್ ಸುತ್ತ ಸಿಮೆಂಟ್ ಕಾರ್ಖಾನೆಗಳೂ ಕಲ್ಲುಗಣಿಗಳೂ ಎದ್ದು, ಈ ಪದರಗಳು ಪುಡಿಯಾಗುವ ಅಪಾಯವಿದೆಯೆಂದು ಭೂವಿಜ್ಞಾನಿಗಳು ಪದೇ ಪದೇ ಎಚ್ಚರಿಸಿದ್ದಾರೆ. ಇಂಥ ತಾಣಗಳ ರಕ್ಷಣೆಗೆಂದು ಕೇಂದ್ರ ಸರ್ಕಾರ ಮಸೂದೆಯೊಂದರ ಕರಡನ್ನು ಹೊರತಂದದ್ದು 2022ರ ಕೊನೆಯಲ್ಲಿ. ಮೈಶಾನ್‌ನಲ್ಲಾದರೋ, ಬಂಡೆಯ ಸುತ್ತಲೇ ಉದ್ಯಾನ ಮಾಡಿ ವಸ್ತುಸಂಗ್ರಹಾಲಯ ಕಟ್ಟಿದ್ದಾರೆ.