ಲೋಹದ ಹಕ್ಕಿಗಳ ಗುರುತು

1994ನೆಯ ಇಸವಿಯ ಏಪ್ರಿಲ್ 14ರಂದು ಇರಾಕಿನ ಉತ್ತರ ಭಾಗದ ಆಕಾಶದಲ್ಲಿ ಅಮೆರಿಕದ ಎರಡು ಯುದ್ಧವಿಮಾನಗಳು ಕಾವಲು ತಿರುಗುತ್ತಿದ್ದುವು. ಕೆಳಗೆ ಹಾರುತ್ತಿದ್ದ ಎರಡು ಹೆಲಿಕಾಪ್ಟರುಗಳು ವೈಮಾನಿಕರ ಕಣ್ಣಿಗೆ ಬಿದ್ದುವು. ಅವರು ಸಮೀಪಕ್ಕೆ ಹೋಗಿ ನೋಡಿದರು, ಶತ್ರುವಿನವೆಂದು ತೀರ್ಮಾನಿಸಿದರು, ಕ್ಷಿಪಣಿಗಳನ್ನು ಬಿಟ್ಟರು. ಉರಿದುಬಿದ್ದುವು ಅಮೆರಿಕದವೇ ಆದ ‘ಬ್ಲ್ಯಾಕ್ ಹಾಕ್’ ಹೆಲಿಕಾಪ್ಟರುಗಳು. ಅವುಗಳಲ್ಲಿದ್ದ 26 ಮಂದಿಯೂ ಮಡಿದರು. ಈ ದುರಂತಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು ತೀರ ಸಣ್ಣದೆಂದು ತೋರುವಂಥದು. ದೂರಪ್ರಯಾಣಕ್ಕೆಂದು ಆ ಹೆಲಿಕಾಪ್ಟರುಗಳ ಇಕ್ಕೆಲಗಳಲ್ಲಿ ಹೆಚ್ಚುವರಿ ಇಂಧನದ ತೊಟ್ಟಿಗಳನ್ನು ಜೋಡಿಸಲಾಗಿತ್ತು. ಅದರಿಂದಾಗಿ ಅವುಗಳ ಆಕಾರವು ಇರಾಕಿನ ಬಳಿಯಿದ್ದ, ಸೋವಿಯತ್ ಒಕ್ಕೂಟದಲ್ಲಿ ತಯಾರಾದ ‘ಹೈಂಡ್’ ಹೆಲಿಕಾಪ್ಟರಿನ ಆಕಾರವನ್ನು ಹೋಲುತ್ತಿತ್ತು.

ವಿಮಾನವನ್ನು ನೋಡಿ ಗುರುತಿಸುವುದು ಆದುದರಿಂದ ಸೇನೆಗಳಲ್ಲಿ ಕಲಿಯಲೇಬೇಕಾದ ಒಂದು ವಿದ್ಯೆ. ಅದು ಯಾವ ದೇಶದ್ದು ಎಂಬುದು ಮೊದಲನೆಯ ಪ್ರಶ್ನೆ. ಒಂದೇ ವಿಮಾನದ ಹಲವು ಬಗೆಗಳಲ್ಲಿ ಇದು ಯಾವ ಬಗೆ ಎಂಬುದು ಎರಡನೆಯದು. ಎರಡನೆಯದೇ ಹೆಚ್ಚು ಕಠಿನ. ಏಕೆಂದರೆ ಹೊರನೋಟಕ್ಕೆ ಅವಳಿಗಳಂತಿರುವ ಎರಡು ವಿಮಾನಗಳಲ್ಲಿ ಒಂದು ಬಾಂಬು ಹೊರುವುದಕ್ಕೂ ಇನ್ನೊಂದು ಶತ್ರುವಿನ ರೇಡಾರನ್ನು ಕುರುಡಾಗಿಸುವುದಕ್ಕೂ ಬಂದಿರಬಹುದು. ಈ ವಿದ್ಯೆಯನ್ನು ಒರೆಗೆ ಹಚ್ಚಲು ಚೀನಾದೇಶದ ಯುದ್ಧವಿಮಾನಗಳಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಆ ದೇಶವು ಪರರ ವಿಮಾನವನ್ನು ತಂದು, ಅದರಂತೆಯೇ ಮಾಡಿ, ಆಮೇಲೆ ಒಂದೊಂದೇ ಅಂಗವನ್ನು ಬದಲಿಸುತ್ತ ಬಂದಿತು. ಹೀಗಾಗಿ ಒಂದೇ ಅಚ್ಚಿನ ಹಲವು ಹಕ್ಕಿಗಳು ಅಲ್ಲಿ ಹುಟ್ಟಿಕೊಂಡುವು.

ಆ ವಿಮಾನಗಳ ಹೆಸರುಗಳೆಲ್ಲ ‘ಜೆ’ ಎಂಬ ಅಕ್ಷರದಿಂದ ಆರಂಭವಾಗುತ್ತವೆ. ನಾಶಮಾಡು ಎಂಬರ್ಥದ ಚೀನೀ ಪದವೊಂದರ ಮೊದಲ ಅಕ್ಷರ ಅದು. ಸಂಖ್ಯೆಯ ಮುಂದೆ ‘ಎಸ್’ ಇದ್ದರೆ ಅದು ‘ಶ್ವಾಂಗ್’, ಎಂದರೆ ಜೋಡಿ; ಇಬ್ಬರು ಕುಳಿತುಕೊಳ್ಳುವ ವಿಮಾನ. ಆದರೆ ಹಾರುವ ವಿಮಾನವು ಹೆಸರಿನ ಚೀಟಿಯನ್ನು ಅಂಟಿಸಿಕೊಂಡು ಬರುವುದಿಲ್ಲವಲ್ಲ! ಅದರ ಮೈಯನ್ನೇ ಓದಬೇಕು.

ಜೆ-7 ವಿಮಾನವನ್ನು ಕಂಡ ಭಾರತೀಯನಿಗೆ ಅದು ಪರಿಚಿತವೆಂದೇ ತೋರುತ್ತದೆ. ಭಾರತದ ವಾಯುಪಡೆ 2025ರ ಸೆಪ್ಟೆಂಬರಿನಲ್ಲಿ ಬೀಳ್ಕೊಟ್ಟ ಮಿಗ್-21 ವಿಮಾನದ ಚೀನೀ ರೂಪವೇ ಅದು. 1966ರಲ್ಲಿ ಅದು ಮೊದಲು ಹಾರಿತು. ಮಿಗ್-21ರ ರೆಕ್ಕೆ ಅಚ್ಚುಕಟ್ಟಾದ ತ್ರಿಕೋನ. ಅದರ ಮುಂದಿನ ಅಂಚು ನೇರವಾಗಿ ಓಡುತ್ತದೆ. ಜೆ-7ಇ ಎಂಬ ಮುಂದಿನ ಬಗೆಯಲ್ಲಿ ಆ ಅಂಚು ನಡುವೆ ಒಮ್ಮೆ ಮುರಿದು, ತುದಿಯ ಕಡೆಗೆ ಬೇರೊಂದು ಕೋನದಲ್ಲಿ ಸಾಗುತ್ತದೆ. ತಿರುವುಗಳಲ್ಲಿ ವಿಮಾನ ಚುರುಕಾಗಲೆಂದು ಮಾಡಿದ ಬದಲಾವಣೆಯಿದು.

ನಿಜವಾದ ತೊಡಕು ಆರಂಭವಾಗುವುದು ರಷ್ಯದ ಸುಖೋಯ್-27 ವಿಮಾನದ ವಂಶದಲ್ಲಿ. 1992ರಲ್ಲಿ ಅದು ಚೀನಾಕ್ಕೆ ಬಂದಿತು. ಬಳಿಕ ಶೆನ್ಯಾಂಗ್ ನಗರದ ಕಾರ್ಖಾನೆಯಲ್ಲಿ ರಷ್ಯದಿಂದ ತಂದ ಭಾಗಗಳನ್ನು ಜೋಡಿಸಿ ಜೆ-11 ಎಂಬ ಹೆಸರಿನಿಂದ ಅದನ್ನು ತಯಾರಿಸತೊಡಗಿದರು. 200 ವಿಮಾನಗಳಿಗೆ ಒಪ್ಪಂದವಾಗಿದ್ದರೂ ಜೋಡಣೆ ಸುಮಾರು ಅರ್ಧದಲ್ಲಿಯೇ ನಿಂತಿತು. ಅಷ್ಟರಲ್ಲಿ ಚೀನಾದ ಎಂಜಿನಿಯರುಗಳು ಅದೇ ಮೈಯೊಳಗೆ ತಮ್ಮ ರೇಡಾರನ್ನೂ ಉಪಕರಣಗಳನ್ನೂ ಇರಿಸಿ ಜೆ-11ಬಿ ಎಂಬುದನ್ನು ರೂಪಿಸಿದ್ದರು. ಇಬ್ಬರು ಕೂರುವ ಅದರ ರೂಪ ಜೆ-11ಬಿಎಸ್. ಅನಂತರ ಬಂದ ಜೆ-16ರಲ್ಲಿಯೂ ಇಬ್ಬರೇ. ಮೈಕಟ್ಟೂ ಹೆಚ್ಚುಕಡಮೆ ಅದೇ. ಇವೆರಡನ್ನು ಬೇರ್ಪಡಿಸುವುದು ಹೇಗೆ?

ಮೊದಲು ಮೂಗನ್ನು ನೋಡಬೇಕು. ಜೆ-11ಬಿಎಸ್ ವಿಮಾನದ ಮೂಗಿನ ತುದಿಯಲ್ಲಿ ವೇಗವನ್ನು ಅಳೆಯುವ, ಸೂಜಿಯಂತೆ ಚಾಚಿದ ಕೊಳವೆಯಿದೆ. ಜೆ-16ರ ಮೂಗು ಬೋಳು. ಅದರೊಳಗಿರುವುದು ಹೊಸ ಬಗೆಯ ರೇಡಾರ್; ಅದರ ಮುಂದೆ ಲೋಹದ ಕೊಳವೆ ಅಡ್ಡಬರಬಾರದೆಂದು ಅದನ್ನು ತೆಗೆದಿದ್ದಾರೆ. ಆಮೇಲೆ ಮುಂಗಾಲನ್ನು ನೋಡಬೇಕು. ಮೊದಲನೆಯದಕ್ಕೆ ಮುಂದೆ ಒಂದೇ ಚಕ್ರ, ಜೆ-16ಕ್ಕೆ ಎರಡು. ನೆಲದ ಗುರಿಗಳ ಮೇಲೆ ಹಾಕಲು ಭಾರವಾದ ಬಾಂಬುಗಳನ್ನು ಹೊತ್ತು ಓಡಬೇಕಾದ ವಿಮಾನಕ್ಕೆ ಒಂದು ಚಕ್ರ ಸಾಲದು. ಜೆ-16ರ ರೆಕ್ಕೆಗಳ ತುದಿಗೆ ಉದ್ದನೆಯ ಪೆಟ್ಟಿಗೆಗಳು ಅಂಟಿಕೊಂಡಿದ್ದರೆ ಅದು ಜೆ-16ಡಿ. 2021ರಲ್ಲಿ ಝೂಹಾಯ್ ನಗರದ ಪ್ರದರ್ಶನದಲ್ಲಿ ಜನ ಅದನ್ನು ಕಂಡರು. ಶತ್ರುವಿನ ರೇಡಾರನ್ನು ಗೊಂದಲಗೊಳಿಸುವುದು ಅದರ ಕೆಲಸ. ಈ ಮೂರು ಗುರುತುಗಳಲ್ಲಿ ಒಂದೂ ಅಲಂಕಾರಕ್ಕೆಂದು ಬಂದುದಲ್ಲ.

ಇದೇ ವಂಶದ ಜೆ-15 ಸಮುದ್ರದ ಹಕ್ಕಿ. ಉಕ್ರೇನಿನಿಂದ ಕೊಂಡ ಹಳೆಯ ಮಾದರಿಯೊಂದನ್ನು ಆಧಾರವಾಗಿಟ್ಟುಕೊಂಡು ರೂಪಿಸಿದ ಇದು 2009ರಲ್ಲಿ ಮೊದಲು ಹಾರಿತು. ನೌಕೆಯ ಮೇಲಿನ ಇಕ್ಕಟ್ಟಿನ ಜಾಗಕ್ಕಾಗಿ ಇದರ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಇಳಿಯುವಾಗ ಅಡ್ಡಹಗ್ಗವನ್ನು ಹಿಡಿದು ನಿಲ್ಲಲು ಬಾಲದಡಿಯಲ್ಲಿ ಕೊಕ್ಕೆಯಿದೆ. ಕಡಮೆ ವೇಗದಲ್ಲಿಯೂ ಹಿಡಿತ ತಪ್ಪದಿರಲೆಂದು ಚಾಲಕನ ಪೀಠದ ಹಿಂಬದಿಯಲ್ಲಿ ಎರಡು ಕಿರುರೆಕ್ಕೆಗಳಿವೆ. ಸುಖೋಯ್ ವಂಶದ ಚೀನೀ ವಿಮಾನಗಳಲ್ಲಿ ಕಿರುರೆಕ್ಕೆಯುಳ್ಳದ್ದು ಕಂಡರೆ ಅದು ಜೆ-15 ಎಂದು ಹೇಳಿಬಿಡಬಹುದು. ಆದರೆ ಭಾರತದ ಸುಖೋಯ್-30ಕ್ಕೂ ಇಂಥ ಕಿರುರೆಕ್ಕೆಗಳಿವೆ, ಚೀನಾ ಕೊಂಡ ಸುಖೋಯ್-30ಕ್ಕೆ ಇಲ್ಲ ಎಂಬುದನ್ನು ಮರೆತವನು ಮಾತ್ರ ಮೋಸಹೋಗುವನು. 2012ರ ನವೆಂಬರಿನಲ್ಲಿ ಜೆ-15 ‘ಲಿಯಾವೊನಿಂಗ್’ ಎಂಬ ವಿಮಾನವಾಹಕ ನೌಕೆಯ ಮೇಲೆ ಇಳಿಯಿತು. ಅದನ್ನು ಕಣ್ಣಾರೆ ಕಂಡು ದಡಕ್ಕೆ ಮರಳಿದ ದಿನವೇ ಆ ಯೋಜನೆಯ ಮುಖ್ಯಸ್ಥ ಲುವೋ ಯಾಂಗ್ ಹೃದಯಾಘಾತದಿಂದ ತೀರಿಕೊಂಡರು.

ಗುರುತಿಗೆ ಒದಗುವ ಇನ್ನೊಂದು ಅಂಗ ಬೆಂಕಿಯುಗುಳುವ ಹಿಂಬಾಯಿ. ವಿಮಾನದ ಮೈಯನ್ನು ಅನುಕರಿಸಿದಷ್ಟು ಸುಲಭವಾಗಿ ಎಂಜಿನನ್ನು ಅನುಕರಿಸಲಾಗದು. ಅತಿಯಾದ ಶಾಖದಲ್ಲಿ ಗಿರಗಿರನೆ ತಿರುಗುವ ಅದರ ಅಲಗುಗಳನ್ನು ತಯಾರಿಸುವುದು ಕೆಲವೇ ದೇಶಗಳಿಗೆ ಸಿದ್ಧಿಸಿದ ಕಲೆ. ಚೀನಾವು ತನ್ನ ‘ಡಬ್ಲ್ಯುಎಸ್-10’ ಎಂಜಿನನ್ನು ಪಳಗಿಸಲು ವರ್ಷಗಳ ಕಾಲ ಹೆಣಗಿತು. ಆರಂಭದ ಕೆಲವು ಜೆ-11ಬಿ ವಿಮಾನಗಳು ರಷ್ಯದ ಎಂಜಿನಿನಿಂದಲೇ ಹಾರಿದುವು. ಎರಡು ಎಂಜಿನುಗಳ ಹಿಂಬಾಯಿಯ ದಳಗಳ ಆಕಾರ ಬೇರೆ ಬೇರೆ. 2011ರಲ್ಲಿ ಮೊದಲು ಹಾರಿದ, ರೇಡಾರಿಗೆ ಸುಲಭವಾಗಿ ಸಿಕ್ಕದ ಜೆ-20 ವಿಮಾನದಲ್ಲಿಯೂ ಹಾಗೆಯೇ. ಹಿಂಬಾಯಿಯ ಅಂಚು ಗರಗಸದ ಹಲ್ಲಿನಂತಿದ್ದರೆ ಒಳಗಿರುವುದು ಚೀನೀ ಎಂಜಿನ್. ಆ ಹಲ್ಲುಗಳನ್ನು ಕಂಡವನಿಗೆ ಒಂದು ದೇಶವು ಪರಾವಲಂಬನೆಯಿಂದ ಬಿಡಿಸಿಕೊಂಡ ಕಾಲವೂ ತಿಳಿಯುತ್ತದೆ.

1998ರಲ್ಲಿ ಹಾರಿದ ಜೆ-10ರ ಗುರುತು ಅದರ ಹೊಟ್ಟೆಯಡಿಯ ಗಾಳಿಬಾಯಿಯಲ್ಲಿದೆ. ಜೆ-10ಎ ವಿಮಾನದಲ್ಲಿ ಆ ಬಾಯಿ ಚೌಕಾಕಾರದ್ದು. ಅದಕ್ಕೂ ಹೊಟ್ಟೆಗೂ ನಡುವೆ ಬೆಳಕು ತೂರುವಷ್ಟು ಸಂದಿಯಿದೆ. ಮೈಗೆ ಅಂಟಿ ಹರಿಯುವ ಮಂದಗಾಳಿ ಎಂಜಿನನ್ನು ಸೇರದಂತೆ ಅದು ತಡೆಯುತ್ತದೆ. ಜೆ-10ಬಿ, ಜೆ-10ಸಿ ವಿಮಾನಗಳಲ್ಲಿ ಸಂದಿಯಿಲ್ಲ. ಅದರ ಬದಲು ಬಾಯಿಯ ಮೇಲೆ ಒಂದು ಉಬ್ಬಿದೆ. ಆ ಉಬ್ಬೇ ಮಂದಗಾಳಿಯನ್ನು ಅತ್ತಿತ್ತ ಸರಿಸುತ್ತದೆ, ತೂಕವೂ ಉಳಿಯುತ್ತದೆ. ಆದರೆ ‘ಬಿ’ ಯಾವುದು, ‘ಸಿ’ ಯಾವುದು? ಮುಖ್ಯ ವ್ಯತ್ಯಾಸವಿರುವುದು ಮೂಗಿನೊಳಗಿನ ರೇಡಾರಿನಲ್ಲಿ. ಪಳಗಿದ ಕಣ್ಣು ಕೂಡ ಇಲ್ಲಿ ತಡವರಿಸುತ್ತದೆ. 2022ರಲ್ಲಿ ಪಾಕಿಸ್ತಾನದ ವಾಯುಪಡೆಗೆ ಸೇರಿದ್ದು ‘ಸಿ’ ಬಗೆಯದು.

ಇತ್ತೀಚಿನ ಜೋಡಿ ಜೆ-35 ಮತ್ತು ಜೆ-35ಎ. ಎರಡನೆಯದು 2024ರ ನವೆಂಬರಿನಲ್ಲಿ ಝೂಹಾಯ್ ಪ್ರದರ್ಶನದಲ್ಲಿ ಹಾರಿತು. ಮೇಲೆ ಹಾರುವಾಗ ಇವು ಒಂದರಂತೆ ಒಂದು. ನೆಲಕ್ಕಿಳಿಯಲು ಕಾಲು ಚಾಚಿದಾಗ ಗುಟ್ಟು ರಟ್ಟಾಗುತ್ತದೆ: ವಾಯುಪಡೆಯ ಜೆ-35ಎ ವಿಮಾನಕ್ಕೆ ಮುಂದೆ ಒಂದು ಚಕ್ರ, ನೌಕೆಯ ಮೇಲಿಂದ ಚಿಮ್ಮಿ ಏರಬೇಕಾದ ಜೆ-35 ವಿಮಾನಕ್ಕೆ ಎರಡು.